ಚಿಕಿತ್ಸಕರ ಸಲಹೆ ತರಗತಿಯನ್ನು ತಲುಪಲಿ: ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣ ಮತ್ತು ಗ್ರಾಮ ಪಂಚಾಯತಿ

(ಗ್ರಾಮ ಪಂಚಾಯತಿ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸರ್ವ ಸದಸ್ಯರ ಮಾಹಿತಿಗಾಗಿ)

ಹೆಗ್ಗಡದೇವನಕೋಟೆಯಿಂದ ಮೈಸೂರು ನಗರಕ್ಕೆ ಸುಮಾರು 50 ಕಿಲೋಮೀಟರ್ ದೂರವಿದೆ. ವಿಶೇಷ ಅಗತ್ಯವುಳ್ಳ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬೆಳಗಿನ ಬಸ್ಸು ಹತ್ತುವ ತಾಯಿಗೆ, 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ನಂತರ ಟಿಕೆಟ್ಟಿನ ಖರ್ಚು ಇಲ್ಲವಾಗಿದೆ. ಆದರೆ ಆ ದಿನದ ಕೂಲಿ ಹೋಗುತ್ತದೆ; ಮಗುವಿನ ಶಾಲೆಯ ಒಂದು ದಿನವೂ ಹೋಗುತ್ತದೆ. ನಗರದಲ್ಲಿ ಚಿಕಿತ್ಸಕರು ಮಗುವನ್ನು ಪರೀಕ್ಷಿಸಿ, ಕೆಲವು ಅಭ್ಯಾಸಗಳನ್ನು ಹೇಳಿಕೊಟ್ಟು, ವರದಿ ಬರೆದುಕೊಡುತ್ತಾರೆ. ಆ ವರದಿಯು ಪ್ಲಾಸ್ಟಿಕ್ ಕವರಿನೊಳಗೆ ಸೇರಿ ಮನೆಯ ಗೋಡೆಯ ಮೊಳೆಗೆ ತೂಗುಬೀಳುತ್ತದೆ. ಮಗುವು ಮರುದಿನ ಶಾಲೆಗೆ ಹೋದಾಗ, ಅದರಲ್ಲಿ ಏನು ಬರೆದಿದೆ ಎಂಬುದು ಶಿಕ್ಷಕರಿಗೆ ತಿಳಿದಿರುವುದಿಲ್ಲ. ಶಾಲೆಯಲ್ಲಿ ಮಗುವು ಹೇಗೆ ಕುಳಿತುಕೊಳ್ಳುತ್ತದೆ, ಹೇಗೆ ಬರೆಯುತ್ತದೆ, ಬಿಸಿಯೂಟವನ್ನು ಹೇಗೆ ಉಣ್ಣುತ್ತದೆ ಎಂಬುದು ಚಿಕಿತ್ಸಕರಿಗೂ ತಿಳಿದಿರುವುದಿಲ್ಲ.

ಅನೇಕ ಗ್ರಾಮಗಳಲ್ಲಿ ಕಂಡುಬರುವ ಈ ಅಂತರವನ್ನು ಮುಚ್ಚುವುದು ಹೇಗೆ, ಅದರಲ್ಲಿ ಗ್ರಾಮ ಪಂಚಾಯತಿಯ ಪಾಲೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

ಆಕ್ಯುಪೇಷನಲ್ ಥೆರಪಿ ಎಂದರೇನು?

ಕನ್ನಡದಲ್ಲಿ ಇದನ್ನು ‘ಔದ್ಯೋಗಿಕ ಚಿಕಿತ್ಸೆ’ ಎಂದು ಕರೆಯುವುದರಿಂದ, ಇದು ಉದ್ಯೋಗ ಕೊಡಿಸುವ ತರಬೇತಿ ಎಂಬ ತಪ್ಪು ಗ್ರಹಿಕೆ ಸಾಮಾನ್ಯವಾಗಿದೆ. ಇಲ್ಲಿ ‘ಉದ್ಯೋಗ’ ಎಂದರೆ ಒಬ್ಬ ವ್ಯಕ್ತಿಯು ದಿನನಿತ್ಯ ಮಾಡಬೇಕಾದ ಕೆಲಸಗಳು. ಮಗುವಿನ ಉದ್ಯೋಗವೆಂದರೆ ಉಣ್ಣುವುದು, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗುವುದು, ಆಡುವುದು, ಬರೆಯುವುದು, ಗುಂಪಿನಲ್ಲಿ ಕುಳಿತು ಕಲಿಯುವುದು. ಈ ಕೆಲಸಗಳಲ್ಲಿ ಮಗುವಿಗೆ ಎಲ್ಲಿ ತೊಡಕಾಗುತ್ತಿದೆ ಎಂಬುದನ್ನು ಗುರುತಿಸಿ, ಮಗುವಿನ ಸಾಮರ್ಥ್ಯವನ್ನು ಬೆಳೆಸುವುದು, ಕೆಲಸ ಮಾಡುವ ವಿಧಾನವನ್ನು ಬದಲಿಸುವುದು ಅಥವಾ ಸುತ್ತಲಿನ ವಸ್ತು ಮತ್ತು ಸ್ಥಳವನ್ನು ಹೊಂದಿಸುವುದು ಈ ಚಿಕಿತ್ಸಕರ ಕಾರ್ಯ. ಫಿಸಿಯೋಥೆರಪಿಯು ಮುಖ್ಯವಾಗಿ ಸ್ನಾಯು, ಕೀಲು ಮತ್ತು ಚಲನೆಗೆ ಸಂಬಂಧಿಸಿದ್ದು; ಆಕ್ಯುಪೇಷನಲ್ ಥೆರಪಿಯು ಆ ಚಲನೆಯನ್ನು ಬಳಸಿ ಮಾಡುವ ಕೆಲಸಕ್ಕೆ ಸಂಬಂಧಿಸಿದ್ದು. ಎರಡೂ ಒಂದಕ್ಕೊಂದು ಪೂರಕ.

ಭಾರತದಲ್ಲಿ ಈ ವೃತ್ತಿಯ ತರಬೇತಿಯು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಅವರ ಪ್ರಯತ್ನದಿಂದ ಆರಂಭವಾಯಿತು. 2021ರ ರಾಷ್ಟ್ರೀಯ ಸಹಾಯಕ ಹಾಗೂ ಆರೋಗ್ಯ ಸೇವಾ ವೃತ್ತಿಗಳ ಆಯೋಗ ಕಾಯ್ದೆಯು ಇದನ್ನು ಮಾನ್ಯ ವೃತ್ತಿಗಳ ಪಟ್ಟಿಯಲ್ಲಿ ಸೇರಿಸಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮುಖ್ಯವಾಗಿ ಮಾತು ಮತ್ತು ಶ್ರವಣ ದೋಷಗಳಿಗೆ ಸಂಬಂಧಿಸಿದ್ದಾದರೂ, ಅಲ್ಲಿಗೆ ಬರುವ ಮಕ್ಕಳಿಗೆ ಮನೋವೈಜ್ಞಾನಿಕ ಪರೀಕ್ಷೆ, ಫಿಸಿಯೋಥೆರಪಿ ಹಾಗೂ ಆಕ್ಯುಪೇಷನಲ್ ಥೆರಪಿ ಸೇವೆಗಳೂ ಲಭ್ಯವಿವೆ. ಮೆದುಳಿನ ಪಾರ್ಶ್ವವಾಯು ಅಥವಾ ಆಟಿಸಂ ಇರುವ ಮಗುವಿಗೆ ಮಾತು, ಕೈಚಲನೆ, ಗಮನ ಇವೆಲ್ಲದರ ತೊಡಕು ಒಟ್ಟಿಗೆ ಇರುವ ಸಾಧ್ಯತೆ ಹೆಚ್ಚಾದುದರಿಂದ, ಇಂತಹ ಒಂದು ಸಂಸ್ಥೆಯು ಜಿಲ್ಲೆಯ ಕೇಂದ್ರದಲ್ಲಿಯೇ ಇರುವುದು ಮೈಸೂರು ಜಿಲ್ಲೆಗೆ ದೊರೆತಿರುವ ಅನುಕೂಲ.

18 ಗಂಟೆ ಮತ್ತು 800 ಗಂಟೆ

ತಿಂಗಳಿಗೆ ಎರಡು ಬಾರಿ, ಪ್ರತಿ ಬಾರಿ 45 ನಿಮಿಷ ಚಿಕಿತ್ಸೆ ದೊರೆಯುತ್ತದೆ ಎಂದು ಭಾವಿಸೋಣ. ವರ್ಷಕ್ಕೆ 24 ಭೇಟಿ; ಒಟ್ಟು 18 ಗಂಟೆ. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷದಲ್ಲಿ ಕನಿಷ್ಠ 200 ದಿನ, 800 ಗಂಟೆ ಬೋಧನೆ ನಡೆಯಬೇಕು. ಬಿಸಿಯೂಟ, ಆಟ, ಪ್ರಾರ್ಥನೆಗಳ ಸಮಯವು ಇದರ ಮೇಲೆ. ಒಂದು ಮಗುವು ಪೆನ್ಸಿಲ್ ಹಿಡಿಯುವ ಅಭ್ಯಾಸವನ್ನು 18 ಗಂಟೆ ಸರಿಯಾಗಿ ಮಾಡಿ, 800 ಗಂಟೆ ತಪ್ಪಾಗಿ ಮಾಡಿದರೆ ಯಾವುದು ಉಳಿಯುತ್ತದೆ ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಆದ್ದರಿಂದ ಚಿಕಿತ್ಸಕರ ಸಂಖ್ಯೆಯನ್ನು ಹೆಚ್ಚಿಸುವುದು ಎಷ್ಟು ಅಗತ್ಯವೋ, ಅವರ ತಿಳಿವಳಿಕೆಯನ್ನು ಶಿಕ್ಷಕರ ಕೈಗೆ ತಲುಪಿಸುವುದೂ ಅಷ್ಟೇ ಅಗತ್ಯ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ‘ಪಾರ್ಟ್ನರಿಂಗ್ ಫಾರ್ ಚೇಂಜ್’ ಎಂಬ ಪದ್ಧತಿಯ ತಿರುಳು ಇದೇ ಆಗಿದೆ. ಅಲ್ಲಿ ಚಿಕಿತ್ಸಕರು ಮಗುವನ್ನು ಪ್ರತ್ಯೇಕ ಕೊಠಡಿಗೆ ಕರೆದೊಯ್ಯುವ ಬದಲು ತರಗತಿಯೊಳಗೇ ಬಂದು ನೋಡುತ್ತಾರೆ. ಮೊದಲು ಎಲ್ಲ ಮಕ್ಕಳಿಗೂ ಉಪಯುಕ್ತವಾಗುವ ಬದಲಾವಣೆ, ನಂತರ ಕೆಲವರಿಗೆ ಮಾತ್ರ ಬೇಕಾದ ಸಹಾಯ, ಕೊನೆಗೆ ಒಂದು ಮಗುವಿಗಷ್ಟೇ ಬೇಕಾದ ವ್ಯವಸ್ಥೆ ಎಂದು ಮೂರು ಹಂತಗಳಲ್ಲಿ ಶಿಕ್ಷಕರ ಜೊತೆ ಸೇರಿ ಕೆಲಸ ಮಾಡುತ್ತಾರೆ. ಚಿಕಿತ್ಸಕರ ಸಂಖ್ಯೆ ಕಡಿಮೆ ಇರುವ ಪ್ರದೇಶಕ್ಕೆ ಈ ಕ್ರಮವು ಇನ್ನೂ ಹೆಚ್ಚು ಹೊಂದುತ್ತದೆ.

ಒಂದು ಉದಾಹರಣೆ

ಎರಡನೇ ತರಗತಿಯ ಒಬ್ಬ ಬಾಲಕನನ್ನು ಊಹಿಸಿಕೊಳ್ಳಬಹುದು. ಬಾಯಲ್ಲಿ ಕೇಳಿದರೆ ಉತ್ತರ ಹೇಳುತ್ತಾನೆ. ಬರೆಯಲು ಹೇಳಿದರೆ ಎರಡು ಸಾಲಿಗೆ ನಿಲ್ಲಿಸುತ್ತಾನೆ. ಶಿಕ್ಷಕರ ದೃಷ್ಟಿಯಲ್ಲಿ ಇದು ಸೋಮಾರಿತನ. ಚಿಕಿತ್ಸಕರ ವರದಿಯಲ್ಲಿ ಇದು ‘ಫೈನ್ ಮೋಟಾರ್ ಕೊರತೆ’. ಮೊದಲನೆಯ ಮಾತಿನಿಂದ ಬಾಲಕನಿಗೆ ಬೈಗುಳ ದೊರೆಯುತ್ತದೆ. ಎರಡನೆಯ ಮಾತು ಶಿಕ್ಷಕರಿಗೆ ಅರ್ಥವಾಗುವುದಿಲ್ಲ.

ಚಿಕಿತ್ಸಕರು ಒಂದು ದಿನ ಶಾಲೆಗೆ ಬಂದು ನೋಡಿದರೆ ಬೇರೆಯೇ ಸಂಗತಿಗಳು ಕಾಣುತ್ತವೆ. ಬಾಲಕನು ಕುಳಿತಿರುವ ಬೆಂಚು ದೊಡ್ಡ ಮಕ್ಕಳ ಅಳತೆಯದು. ಪಾದಗಳು ನೆಲಕ್ಕೆ ತಾಗದೆ ತೂಗಾಡುತ್ತಿವೆ. ದೇಹಕ್ಕೆ ಆಧಾರವಿಲ್ಲದಿದ್ದಾಗ ಮಗುವು ಒಂದು ಕೈಯನ್ನು ಮೇಜಿಗೆ ಊರಿಕೊಂಡು ಬೀಳದಂತೆ ನೋಡಿಕೊಳ್ಳಬೇಕಾಗುತ್ತದೆ. ಪುಸ್ತಕ ಹಿಡಿಯಲು ಕೈ ಉಳಿಯುವುದಿಲ್ಲ, ಪುಸ್ತಕ ಜಾರುತ್ತದೆ, ಪೆನ್ಸಿಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯುವುದರಿಂದ ಕೈ ಬೇಗ ನೋಯುತ್ತದೆ. ಪರಿಹಾರಗಳು ಸರಳವಾಗಿವೆ. ಪಾದದ ಕೆಳಗೆ ಒಂದು ಮರದ ಹಲಗೆ, ಮೊಣಕೈ ಎತ್ತರಕ್ಕೆ ಸರಿಹೊಂದುವ ಮೇಜು, ಪೆನ್ಸಿಲಿಗೆ ಸುತ್ತಿದ ಸೈಕಲ್ ಟ್ಯೂಬಿನ ತುಂಡು, ಪುಸ್ತಕ ಜಾರದಂತೆ ಇಳಿಜಾರಾದ ಬರೆಯುವ ಹಲಗೆ. ಊರಿನ ಬಡಗಿಯೇ ಇವನ್ನು ಮಾಡಬಲ್ಲರು.

ಮುಂದಿನ ಹಂತವನ್ನು ಚಿಕಿತ್ಸಕರಿಗಿಂತ ಶಿಕ್ಷಕರು ಚೆನ್ನಾಗಿ ಬಲ್ಲರು. ಕನ್ನಡ ಅಕ್ಷರಗಳು ದುಂಡಗಿನವು. ಒತ್ತಕ್ಷರ ಬಂದಾಗ ಕೈಯನ್ನು ಸಾಲಿನ ಕೆಳಗೆ ಇಳಿಸಿ ಪುನಃ ಮೇಲಕ್ಕೆ ತರಬೇಕು. ನಲಿ-ಕಲಿ ಪದ್ಧತಿಯಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸದೆ, ರ, ಗ, ಸ, ದ, ಅ ಎಂಬಂತೆ ಕಲಿಯಲು ಸುಲಭವಾದ ಗುಂಪುಗಳಲ್ಲಿ ಕಲಿಸಲಾಗುತ್ತದೆ. ಯಾವ ಗುಂಪಿನಲ್ಲಿ ಬಾಲಕನ ಕೈ ತಡವರಿಸುತ್ತದೆ ಎಂಬುದನ್ನು ಶಿಕ್ಷಕರು ಗುರುತಿಸಿ ಹೇಳಿದರೆ, ಆ ತಿರುವಿಗೆ ಬೇಕಾದ ಅಭ್ಯಾಸವನ್ನು ಚಿಕಿತ್ಸಕರು ಸೂಚಿಸಬಲ್ಲರು. ಒಬ್ಬರ ತಿಳಿವಳಿಕೆ ಇಲ್ಲದೆ ಇನ್ನೊಬ್ಬರ ತಿಳಿವಳಿಕೆ ಅಪೂರ್ಣ.

ನಲಿ-ಕಲಿಯ ನೆಲದಲ್ಲಿ

ಇಂತಹ ಕೆಲಸಕ್ಕೆ ಜಿಲ್ಲೆಯ ಶಾಲೆಗಳು ಹೊಸಬರಲ್ಲ. 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ನಲಿ-ಕಲಿ ಆರಂಭವಾದದ್ದು ಇದೇ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿಯನ್ನು ನೋಡಿ ಬಂದ ಸರ್ಕಾರಿ ಶಾಲಾ ಶಿಕ್ಷಕರೇ ಅದನ್ನು ಸ್ಥಳೀಯವಾಗಿ ರೂಪಿಸಿದರು. ನಂತರ ಅದು ರಾಜ್ಯವ್ಯಾಪಿಯಾಯಿತು.

ನಲಿ-ಕಲಿ ಕೊಠಡಿಯ ವ್ಯವಸ್ಥೆಯಲ್ಲಿ ಆಕ್ಯುಪೇಷನಲ್ ಥೆರಪಿಗೆ ಅನುಕೂಲವಾದ ಅನೇಕ ಅಂಶಗಳು ಈಗಾಗಲೇ ಇವೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಇರುವ ಕಪ್ಪುಹಲಗೆಯ ಮೇಲೆ ನಿಂತು ಬರೆಯುವಾಗ ಭುಜ ಮತ್ತು ಮಣಿಕಟ್ಟು ಬಲಗೊಳ್ಳುತ್ತವೆ. ಸಣ್ಣ ಸೀಮೆಸುಣ್ಣದ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲಾಗದು. ಬೆರಳ ತುದಿಗಳಿಂದಲೇ ಹಿಡಿಯಬೇಕಾಗುತ್ತದೆ. ಪ್ರತಿ ಮಗುವೂ ತನ್ನ ಮೆಟ್ಟಿಲಿನಲ್ಲಿ ತನ್ನ ವೇಗದಲ್ಲಿ ಸಾಗುವುದರಿಂದ, ನಿಧಾನವಾಗಿ ಬರೆಯುವ ಮಗುವು ಎಲ್ಲರೆದುರು ಹಿಂದುಳಿದಂತೆ ಕಾಣುವುದಿಲ್ಲ. ಚಟುವಟಿಕೆಯಿಂದ ಚಟುವಟಿಕೆಗೆ ಎದ್ದು ಹೋಗುವ ಅವಕಾಶವು, ಒಂದೇ ಕಡೆ ಕೂರಲಾಗದ ಮಗುವಿಗೆ ನೆರವಾಗುತ್ತದೆ. ನಾಲ್ಕನೇ ತರಗತಿಗೆ ಹೋಗಿ ಸಾಲು ಬೆಂಚುಗಳಲ್ಲಿ ಕುಳಿತಾಗ ಈ ಅನುಕೂಲಗಳು ಒಮ್ಮೆಲೇ ತಪ್ಪುತ್ತವೆ. ವಿಶೇಷ ಅಗತ್ಯವುಳ್ಳ ಮಗುವು ಶಾಲೆ ಬಿಡುವ ಅಪಾಯದ ಹಂತವೆಂದು ಇದನ್ನು ಪರಿಗಣಿಸಿ, 3ನೇ ತರಗತಿಯ ಕೊನೆಯಲ್ಲಿಯೇ ಶಿಕ್ಷಕರು, ಪೋಷಕರು ಹಾಗೂ ಚಿಕಿತ್ಸಕರು ಮುಂದಿನ ವರ್ಷದ ವ್ಯವಸ್ಥೆಯನ್ನು ಮಾತನಾಡಿಕೊಳ್ಳುವುದು ಸೂಕ್ತ.

ಬಿಸಿಯೂಟದ ವೇಳೆಯೂ ಕಲಿಕೆಯ ವೇಳೆಯೇ. ಅಂಚು ಎತ್ತರವಿರುವ ತಟ್ಟೆ, ಹಿಡಿ ದಪ್ಪಗಿರುವ ಚಮಚ, ಬೆನ್ನಿಗೆ ಆಧಾರವಿರುವ ಜಾಗ ದೊರೆತರೆ, ಇನ್ನೊಬ್ಬರು ತಿನ್ನಿಸುತ್ತಿದ್ದ ಮಗುವು ಕ್ರಮೇಣ ತಾನೇ ಉಣ್ಣಲು ಕಲಿಯಬಹುದು. ಅಡುಗೆ ಸಿಬ್ಬಂದಿಗೂ ಈ ಮಾಹಿತಿ ಇರಬೇಕು.

ಸಹಕಾರದ ಕ್ರಮ

ಶಿಕ್ಷಕರು ಮತ್ತು ಚಿಕಿತ್ಸಕರ ಸಹಕಾರವು ಒಳ್ಳೆಯ ಮಾತುಗಳಿಂದ ನಡೆಯುವುದಿಲ್ಲ, ಅದಕ್ಕೆ ಕ್ರಮವಿರಬೇಕು.

1. ಶಿಕ್ಷಕರು ಒಂದು ವಾರ ಗಮನಿಸಿ ಬರೆದಿಡುವುದು. ‘ಬುದ್ಧಿ ಕಡಿಮೆ’ ಎಂಬ ತೀರ್ಪು ಬೇಡ. ‘ಊಟದ ನಂತರ ಎದ್ದು ಓಡುತ್ತಾನೆ’, ‘ಗದ್ದಲವಾದಾಗ ಕಿವಿ ಮುಚ್ಚಿಕೊಳ್ಳುತ್ತಾಳೆ’, ‘ಗುಂಡಿ ಹಾಕಿಕೊಳ್ಳಲು ಬಾರದು’ ಎಂಬಂತೆ ಕಂಡದ್ದು, ಕಂಡ ವೇಳೆ, ಕಂಡ ಸ್ಥಳ ಸಾಕು.

2. ಚಿಕಿತ್ಸಕರು ಸಾಧ್ಯವಾದರೆ ಶಾಲೆಗೆ ಭೇಟಿ ನೀಡುವುದು. ಆಗದಿದ್ದಲ್ಲಿ ಪೋಷಕರ ಒಪ್ಪಿಗೆ ಪಡೆದು, ಮಗುವು ಕುಳಿತು ಬರೆಯುವ ಚಿಕ್ಕ ವಿಡಿಯೋವನ್ನು ನೋಡಿ ಶಿಕ್ಷಕರೊಂದಿಗೆ ದೂರವಾಣಿಯಲ್ಲಿ ಮಾತನಾಡುವುದು.

3. ಒಂದು ಅಥವಾ ಎರಡು ಗುರಿಗಳನ್ನು ಮಾತ್ರ ಒಟ್ಟಿಗೆ ನಿಶ್ಚಯಿಸುವುದು. ‘ಕೈಬಲ ಹೆಚ್ಚಬೇಕು’ ಎಂಬುದು ಅಳೆಯಲಾಗದ ಗುರಿ. ‘ದಸರಾ ರಜೆಯೊಳಗೆ ತನ್ನ ಹೆಸರನ್ನು ತಾನೇ ಬರೆಯಬೇಕು’ ಎಂಬುದು ಎಲ್ಲರಿಗೂ ಕಾಣುವ ಗುರಿ.

4. ನಾಲ್ಕರಿಂದ ಆರು ವಾರ ಪ್ರಯತ್ನಿಸಿ, ಪುನಃ ಪರಿಶೀಲಿಸುವುದು. ಫಲ ಕಾಣದಿದ್ದರೆ ವಿಧಾನವನ್ನು ಬದಲಿಸುವುದು, ಮಗುವನ್ನು ದೂಷಿಸದಿರುವುದು.

ಶಿಕ್ಷಕರು ಚಿಕಿತ್ಸಕರಾಗಬೇಕಿಲ್ಲ ಎಂಬುದನ್ನೂ ಸ್ಪಷ್ಟಪಡಿಸಬೇಕು. ಬಿಗಿಯಾದ ಕೈಕಾಲುಗಳನ್ನು ಬಲವಂತವಾಗಿ ಎಳೆಯುವುದು, ನುಂಗಲು ಕಷ್ಟವಿರುವ ಮಗುವಿಗೆ ತಲೆ ಹಿಂದಕ್ಕೆ ಬಾಗಿಸಿ ಉಣಿಸುವುದು ಅಪಾಯಕಾರಿ. ತರಗತಿಯ ವ್ಯವಸ್ಥೆ ಶಿಕ್ಷಕರದು. ದೇಹದ ಮೇಲಿನ ಚಿಕಿತ್ಸೆ ಅರ್ಹ ಚಿಕಿತ್ಸಕರದು.

ಕಾನೂನು ಮತ್ತು ಲಭ್ಯ ಸೇವೆಗಳು

2017ರ ಏಪ್ರಿಲ್ 19ರಂದು ಜಾರಿಗೆ ಬಂದ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಅದರ 16ನೇ ಪ್ರಕರಣದಂತೆ ಸರ್ಕಾರಿ ಹಾಗೂ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಪ್ರವೇಶ ನೀಡಿ, ಕಟ್ಟಡವನ್ನು ಸುಗಮವಾಗಿಸಿ, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಕಲ್ಪಿಸಬೇಕು. 17ನೇ ಪ್ರಕರಣವು ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ನಡೆಸಲು ಹಾಗೂ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು ಮುಂತಾದ ಮಾರ್ಪಾಡುಗಳಿಗೆ ಅವಕಾಶ ನೀಡಿದೆ. 31ನೇ ಪ್ರಕರಣದಂತೆ ನಿಗದಿತ ಪ್ರಮಾಣದ ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ.

ತೀವ್ರ ವೈಕಲ್ಯವಿರುವ ಮಗುವಿಗೆ ಗೃಹಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳುವ ಹಕ್ಕನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯು ನೀಡಿದೆ. ಇದು ಮಗು ಮತ್ತು ಪೋಷಕರ ಆಯ್ಕೆ. ಮಗುವನ್ನು ಶಾಲೆಯಿಂದ ಹೊರಗಿಡುವ ದಾರಿಯಲ್ಲ. ಒಂದು ಇಳಿಜಾರು, ಒಂದು ಆಧಾರದ ಕುರ್ಚಿ ಇದ್ದಿದ್ದರೆ ಶಾಲೆಗೆ ಬರಬಹುದಾಗಿದ್ದ ಮಗುವಿನ ಹೆಸರು ಗೃಹಾಧಾರಿತ ಪಟ್ಟಿಯಲ್ಲಿ ಸೇರಿದ್ದರೆ, ಅದನ್ನು ಸದಸ್ಯರು ಪ್ರಶ್ನಿಸಬಹುದು.

ಲಭ್ಯವಿರುವ ಸೇವೆಗಳ ಸರಪಳಿ ಹೀಗಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ವೈದ್ಯಕೀಯ ತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಭೇಟಿ ನೀಡಿ ತಪಾಸಣೆ ನಡೆಸಬೇಕು. ಅಗತ್ಯವಿರುವ ಮಕ್ಕಳನ್ನು ಜಿಲ್ಲಾ ಮಟ್ಟದ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕು. ಶಿಕ್ಷಕರೇ ಮೊದಲ ಹಂತದ ಗುರುತಿಸುವಿಕೆ ಮಾಡಲು ಎನ್.ಸಿ.ಇ.ಆರ್.ಟಿ.ಯು 2022ರಲ್ಲಿ ‘ಪ್ರಶಸ್ತ್’ ಎಂಬ ಆ್ಯಪ್ ಹೊರತಂದಿದೆ. ಸಮಗ್ರ ಶಿಕ್ಷಣ ಯೋಜನೆಯಡಿ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಅಂದರೆ ಬಿ.ಐ.ಇ.ಆರ್.ಟಿ.ಗಳು ಇರುತ್ತಾರೆ, ವೈದ್ಯಕೀಯ ಮೌಲ್ಯಾಂಕನ ಶಿಬಿರ ಹಾಗೂ ಸಾಧನ ಸಲಕರಣೆಗಳ ವಿತರಣೆಯೂ ಅಲ್ಲಿಂದಲೇ ನಡೆಯುತ್ತದೆ. ಗ್ರಾಮ ಪಂಚಾಯತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ.

ಕೊಂಡಿಗಳೆಲ್ಲ ಇವೆ, ಅವು ಒಂದಕ್ಕೊಂದು ಸೇರಿಕೊಂಡಿಲ್ಲ. ಆರೋಗ್ಯ, ಶಿಕ್ಷಣ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ವಿಕಲಚೇತನರ ಸಬಲೀಕರಣ ಎಂಬ ನಾಲ್ಕು ಇಲಾಖೆಗಳ ಸಿಬ್ಬಂದಿ ಒಂದೇ ಮೇಜಿನ ಸುತ್ತ ಕುಳಿತುಕೊಳ್ಳುವ ಅತ್ಯಂತ ಹತ್ತಿರದ ಸ್ಥಳ ಗ್ರಾಮ ಪಂಚಾಯತಿಯೇ ಆಗಿದೆ.

ಇಳಿಜಾರಿನ ಲೆಕ್ಕ

ಶಾಲಾ ಕಟ್ಟಡಗಳ ಇಳಿಜಾರು ಸದಸ್ಯರು ನೇರವಾಗಿ ಪರಿಶೀಲಿಸಬಹುದಾದ ವಿಷಯ. ನಿಯಮ ಸರಳ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಶಾಲೆಯ ಜಗುಲಿಯು ನೆಲದಿಂದ 45 ಸೆಂಟಿಮೀಟರ್ ಎತ್ತರವಿದ್ದರೆ ಇಳಿಜಾರಿನ ಉದ್ದ ಕನಿಷ್ಠ 5.4 ಮೀಟರ್ ಇರಬೇಕು. 60 ಸೆಂಟಿಮೀಟರ್ ಇದ್ದರೆ 7.2 ಮೀಟರ್. ಇದೇ 45 ಸೆಂಟಿಮೀಟರ್ ಜಗುಲಿಗೆ 2 ಮೀಟರ್ ಉದ್ದದ ಇಳಿಜಾರು ಕಟ್ಟಿದರೆ, ಅದು ದಾಖಲೆಯಲ್ಲಿ ‘ಇದೆ’ ಎಂದು ಗುರುತು ಹಾಕಲು ಸಾಕಾಗಬಹುದು. ಗಾಲಿಕುರ್ಚಿಯ ಮಗುವಿಗೆ ಅದು ಜಾರುಬಂಡೆ. ಎರಡೂ ಬದಿಗೆ ಕೈಹಿಡಿ, ಜಾರದಂತೆ ಒರಟಾದ ಮೇಲ್ಮೈ, ಮೇಲೆ ಮತ್ತು ಕೆಳಗೆ ಗಾಲಿಕುರ್ಚಿ ತಿರುಗಲು 1.5 ಮೀಟರ್ ಸಮತಟ್ಟಾದ ಜಾಗ, 90 ಸೆಂಟಿಮೀಟರ್ ಅಗಲದ ಬಾಗಿಲು ಇರಬೇಕು. ಇಳಿಜಾರು ತರಗತಿಗೆ ತಲುಪಿ ಶೌಚಾಲಯಕ್ಕೆ ತಲುಪದಿದ್ದರೆ ಮಗುವು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ಕುಳಿತಿರುತ್ತದೆ. ಹೆಣ್ಣುಮಗುವಾದರೆ ಕೆಲವೇ ವರ್ಷಗಳಲ್ಲಿ ಶಾಲೆ ಬಿಡುತ್ತದೆ. ಅಂದಾಜು ಪಟ್ಟಿ ಸಿದ್ಧಪಡಿಸುವ ಮೊದಲು ಆ ಮಗುವನ್ನೂ ಪೋಷಕರನ್ನೂ ಕೇಳಿ, ಸಾಧ್ಯವಾದಲ್ಲಿ ಚಿಕಿತ್ಸಕರ ಅಭಿಪ್ರಾಯ ಪಡೆಯುವುದರಿಂದ ಖರ್ಚಾಗುವ ಹಣವು ಸಾರ್ಥಕವಾಗುತ್ತದೆ.

ಗ್ರಾಮ ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು

1. ವಿಕಲಚೇತನರಿಗಾಗಿ ಮೀಸಲಿಡುವ ಶೇ. 5ರ ಅನುದಾನವು ವರ್ಷಾಂತ್ಯದ ಒಂದೇ ವಿತರಣಾ ಸಮಾರಂಭಕ್ಕೆ ಸೀಮಿತವಾಗದಂತೆ ನೋಡಿಕೊಳ್ಳುವುದು. ನಿಯಮಾವಳಿಗೆ ಒಳಪಟ್ಟು, ಅಳತೆಗೆ ತಕ್ಕ ಕುರ್ಚಿ, ಮೂಲೆ ಕುರ್ಚಿ, ಪಾದದ ಹಲಗೆ, ಬರೆಯುವ ಹಲಗೆ, ಶೌಚಾಲಯದ ಕೈಹಿಡಿ ಮುಂತಾದ ಸಣ್ಣ ವಸ್ತುಗಳಿಗೂ ಅವಕಾಶ ಕಲ್ಪಿಸುವುದು.

2. ಕ್ರಿಯಾಯೋಜನೆ ತಯಾರಿಸುವಾಗ ಪ್ರತಿ ಶಾಲೆ ಮತ್ತು ಅಂಗನವಾಡಿಯ ಇಳಿಜಾರು, ಶೌಚಾಲಯಗಳನ್ನು ಅಳತೆ ಪಟ್ಟಿ ಹಿಡಿದು ಪರಿಶೀಲಿಸುವುದು.

3. ಗ್ರಾಮ ಪಂಚಾಯತಿ ಮಟ್ಟದ ಕೆ.ಡಿ.ಪಿ. ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳುವುದು. ಕಳೆದ ತಪಾಸಣೆಯಲ್ಲಿ ಗುರುತಿಸಲಾದ ಮಕ್ಕಳೆಷ್ಟು? ಅವರಲ್ಲಿ ಚಿಕಿತ್ಸಕರನ್ನು ನಿಜವಾಗಿ ಕಂಡವರೆಷ್ಟು? ಕಂಡವರ ಪೈಕಿ ಯಾರ ಸಲಹೆ ಶಿಕ್ಷಕರಿಗೆ ತಲುಪಿದೆ?

4. ಪೋಷಕರ ಒಪ್ಪಿಗೆಯೊಂದಿಗೆ ವರದಿಯ ಸಾರಾಂಶವನ್ನು ಸರಳ ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಮುಖ್ಯ ಶಿಕ್ಷಕರಿಗೆ ತಲುಪಿಸುವ ಹೊಣೆಯನ್ನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ವಹಿಸುವುದು. ಮುಂದಿನ ಭೇಟಿಗೆ ಹೋಗುವಾಗ ಶಿಕ್ಷಕರ ಒಂದು ಪುಟದ ಟಿಪ್ಪಣಿಯೂ ತಾಯಿಯ ಕೈಯಲ್ಲಿರಬೇಕು.

5. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಮೂಲಕ, ಬಿ.ಐ.ಇ.ಆರ್.ಟಿ. ಹಾಗೂ ಲಭ್ಯವಿರುವ ಚಿಕಿತ್ಸಕರು ವರ್ಷಕ್ಕೆ ಕನಿಷ್ಠ ಎರಡು ಬಾರಿ ಒಂದೇ ದಿನ ಶಾಲೆಗೆ ಭೇಟಿ ನೀಡುವಂತೆ ಕೋರುವುದು. ಅಕ್ಕಪಕ್ಕದ ಶಾಲೆಗಳ ಶಿಕ್ಷಕರನ್ನೂ ಅಂಗನವಾಡಿ ಕಾರ್ಯಕರ್ತೆಯರನ್ನೂ ಅಂದು ಆಹ್ವಾನಿಸಿದರೆ ಒಂದು ಭೇಟಿಯಿಂದ ಹಲವು ಮಕ್ಕಳಿಗೆ ಪ್ರಯೋಜನವಾಗುತ್ತದೆ.

6. ಮಕ್ಕಳ ಗ್ರಾಮಸಭೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೂ ಮಾತನಾಡುವ ಅವಕಾಶ ನೀಡುವುದು. ಅವರ ವೈಕಲ್ಯದ ವಿವರಗಳನ್ನು ಸಭೆಯಲ್ಲಿ ಓದುವುದಾಗಲಿ, ಸವಲತ್ತು ಪಡೆಯುತ್ತಿರುವ ಮಗುವಿನ ಛಾಯಾಚಿತ್ರವನ್ನು ಹಂಚುವುದಾಗಲಿ ಸಲ್ಲದು.

ಶಿಕ್ಷಕರ ಬೋಧನೆಯಲ್ಲಾಗಲಿ ಚಿಕಿತ್ಸಕರ ತೀರ್ಮಾನದಲ್ಲಾಗಲಿ ಗ್ರಾಮ ಪಂಚಾಯತಿಯು ಹಸ್ತಕ್ಷೇಪ ಮಾಡಬೇಕಾಗಿಲ್ಲ. ಅವರಿಬ್ಬರೂ ಒಂದೇ ಮಗುವಿನ ಬಗ್ಗೆ ಒಟ್ಟಿಗೆ ಮಾತನಾಡುವಂತೆ ಮಾಡುವುದು, ಆ ಮಾತುಕತೆಯಿಂದ ಹೊರಬಂದ ಹಲಗೆ, ಕುರ್ಚಿ, ಇಳಿಜಾರುಗಳನ್ನು ಒದಗಿಸುವುದು ಪಂಚಾಯತಿಯ ಕೆಲಸ. ಸದಸ್ಯರು ತಮ್ಮ ವಾರ್ಡಿನಲ್ಲಿ ಇಂತಹ ಒಂದು ಮನೆಗೆ ಭೇಟಿ ನೀಡಿ, ಗೋಡೆಯ ಮೊಳೆಗೆ ತೂಗುಹಾಕಿರುವ ಆ ಪ್ಲಾಸ್ಟಿಕ್ ಕವರಿನ ವರದಿಯು ಶಾಲೆಗೆ ತಲುಪಿದೆಯೇ ಎಂದು ಪೋಷಕರನ್ನು ವಿಚಾರಿಸುವುದರಿಂದ ಈ ಕಾರ್ಯವನ್ನು ಆರಂಭಿಸಬಹುದು. ತಲುಪಿಲ್ಲವಾದರೆ, ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ ಚರ್ಚಿಸುವುದು.